ಹುಣಸೆಮರದ ಟಿಸಿಯ ಹದಿನೇಳು ಮೋಟಾರು

ತಿಮ್ಮಯ್ಯ ತನ್ನ ಮೋಟಾರನ್ನು ಮೂರನೇ ಸಲ ಅಂಗಡಿಯ ಮುಂದೆ ತಂದಿಳಿಸಿದಾಗ ಮಹದೇವ ಇನ್ನೂ ಕಸ ಗುಡಿಸುತ್ತಿದ್ದ. ಇಳಿಸಿದ ಅನ್ನುವುದಕ್ಕಿಂತ ಟ್ರೈಲರಿನಿಂದ ಉರುಳಿಸಿದ ಅಂದರೆ ಸರಿ. ಮೋಟಾರು ಕಲ್ಲಿಗೆ ಬಡಿದು ಅರ್ಧ ಸುತ್ತು ತಿರುಗಿ ನಿಂತಿತು.

"ನೋಡ್ಲಾ ಮಾದೇವ, ನೀನ್ ಕಟ್ಟಿದ್ ಕಾಯ್ಲು. ಇಪ್ಪತ್ತೆರಡು ದಿನಕ್ಕೆ ಸೀದೋಯ್ತು. ಆರ್ ತಿಂಗ್ಳು ಏನೂ ಆಗಕ್ಕಿಲ್ಲ ಅಂದಿದ್ದಲ್ಲ?"

"ಬಿಚ್ಚಿ ನೋಡ್ತೀನಿ ತಿಮ್ಮಯ್ಯಣ್ಣ."

"ಬಿಚ್ಚಿ ಬಿಚ್ಚಿ ನೋಡ್ತಾನೇ ಇದೀಯೆ. ಬೋರಿಂದ ಪೈಪ್ ಎತ್ತಕ್ಕೆ ಆರಾಳು ಬೇಕು, ಗೊತ್ತಾ ನಿಂಗೆ? ಇದೊಂದ್ ಸತಿ ಕಟ್ಟು. ಇದೂ ಸುಟ್ಟೋದ್ರೆ ಸಂತೇಲಿ ನಿಂತ್ಕಂಡು ಯೋಳ್ತೀನಿ, ಬೀರಯ್ಯನ ಮಗ ಹಳೇ ತಂತಿ ಹಾಕ್ತಾನೆ ಅಂತ. ಆಮೇಕೆ ಬೋರ್ಡ್ ಇಳಿಸ್ಕೊ."

ತಿಮ್ಮಯ್ಯ ಸುಮ್ಮನೆ ಹೆದರಿಸುವವನಲ್ಲ. ಕಿರುಗಾವಲಿನ ಸಂತೆಯಲ್ಲಿ ಆಡಿದ ಮಾತು ಮಧ್ಯಾಹ್ನದ ಬಸ್ಸು ಹತ್ತಿ ಮಳವಳ್ಳಿಗೆ ಹೋಗುತ್ತದೆ. ಮೋಟಾರು ವೈಂಡಿಂಗ್ ಅಂಗಡಿಗೆ ಇರುವ ಬಂಡವಾಳ ಕರೆಂಟು ಸೋರುವುದನ್ನು ಅಳೆಯುವ ಒಂದು ಮೆಗ್ಗರು, ಒಂದು ಚೈನ್ ಪುಲ್ಲಿ, ಮತ್ತೆ ಹೆಸರು. ಮೊದಲ ಎರಡನ್ನು ಮತ್ತೆ ಕೊಳ್ಳಬಹುದು.

ಅಂಗಡಿ ಕಟ್ಟಿದವನು ಮಹದೇವನ ಅಪ್ಪ ದೊಡ್ಡಬೀರಯ್ಯ. ಬ್ಲಫ್‌ನಲ್ಲಿ, ಅಂದರೆ ಶಿವನಸಮುದ್ರದ ಕರೆಂಟು ಮನೆಯಲ್ಲಿ, ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಮೋಟಾರಿನೊಳಗೆ ತಾಮ್ರದ ತಂತಿ ಸುತ್ತಿ ಕಾಯಿಲ್ ಕಟ್ಟುವುದನ್ನು ಕಲಿತು ಬಂದವನು. ಓದಿದ್ದು ಎರಡನೇ ಕ್ಲಾಸು. ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ತಂತಿ ಕಾಣದೆ ಕೆಲಸ ಬಿಟ್ಟು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಂಗಡಿಗೆ ಬಂದವರಿಗೆ ಅವನು ಕೇಳುತ್ತಿದ್ದದ್ದು ಮೋಟಾರಿನ ವಿಚಾರ ಅಲ್ಲ, ಹಸು ಕರು ಹಾಕಿತಾ, ಕಬ್ಬು ಕಡಿದರಾ, ಅಣ್ಣತಮ್ಮ ಮಾತಾಡುತ್ತಿದ್ದಾರಾ, ಇಂಥವು. ಮಹದೇವನಿಗೆ ಇದರಿಂದ ಕೆಲಸ ಕೆಡುತ್ತದೆ ಅನ್ನಿಸುತ್ತಿತ್ತು.

ಮಹದೇವ ಮಂಡ್ಯದಲ್ಲಿ ಐಟಿಐ ಮಾಡಿದವನು. ಅಂಗಡಿ ಕೈಗೆ ಬಂದ ವಾರದಲ್ಲೇ ಕಬ್ಬಿಣದ ರ್‍ಯಾಕು ಮಾಡಿಸಿ ಮೋಟಾರುಗಳನ್ನು ಜೋಡಿಸಿದ್ದ. ಕೆಳಗಿನ ಸಾಲಿನಲ್ಲಿ ಹತ್ತು ಎಚ್‌ಪಿ, ಅದರ ಮೇಲೆ ಏಳೂವರೆ, ಅದರ ಮೇಲೆ ಐದು. ಒಂದೊಂದು ಸಾಲಿನಲ್ಲೂ ಕಂಪನಿವಾರು. ಪ್ರತಿಯೊಂದರ ಕತ್ತಿಗೂ ಒಂದು ಚೀಟಿ: ತಾರೀಕು, ಸುತ್ತು ಎಷ್ಟು, ತಂತಿ ಯಾವ ಗೇಜು, ಏನು ಕೆಟ್ಟಿತ್ತು. ಅಪ್ಪನ ಕಾಲದಲ್ಲಿ ಎಲ್ಲ ನೆಲದ ಮೇಲೆ ಬಿದ್ದಿರುತ್ತಿದ್ದವು. ಊರುವಾರು, ಊರಿನೊಳಗೆ ಬದುವಾರು. ಯಾರ ಜಮೀನಿನ ಪಕ್ಕ ಯಾರ ಜಮೀನೋ ಅವರ ಮೋಟಾರಿನ ಪಕ್ಕ ಇವರ ಮೋಟಾರು. ಮಹದೇವ ಅದನ್ನು ಗುಜರಿ ಅಂತ ಕರೆಯುತ್ತಿದ್ದ.

ಅವತ್ತು ತಿಮ್ಮಯ್ಯನ ಮೋಟಾರು ಬಿಚ್ಚಿದ. ಮೂರು ಫೇಸಿನ ಕಾಯಿಲೂ ಒಂದೇ ಸಮ ಕರಗಿ ಕಪ್ಪಾಗಿತ್ತು. ಒಂದು ಫೇಸು ಹೋಗಿ ಸುಟ್ಟಿದ್ದರೆ ಒಂದು ಭಾಗ ಚೆನ್ನಾಗಿ ಉಳಿಯುತ್ತಿತ್ತು. ಇದು ಭಾರ ತಾಳದೆ ಸುಟ್ಟದ್ದು. ಬೇರಿಂಗು ನೋಡಿದ, ಸರಿಯಿತ್ತು. ಪಂಪು ಕೈಯಲ್ಲಿ ತಿರುಗಿಸಿದ, ಸಲೀಸಾಗಿ ತಿರುಗಿತು. ಮರಳು ಇರಲಿಲ್ಲ. ಸುತ್ತು ಲೆಕ್ಕ ಸರಿ. ಒಂದೊಂದನ್ನೇ ಹಿಡಿದು, ನೋಡಿ, ಸರಿ ಅಂತ ಪಕ್ಕಕ್ಕಿಟ್ಟ. ಸಂಜೆಯ ಹೊತ್ತಿಗೆ ಎಲ್ಲ ಸರಿಯಾಗಿರುವ, ಆದರೆ ಸುಟ್ಟುಹೋದ ಒಂದು ಮೋಟಾರು ಅವನ ಮುಂದಿತ್ತು. ಉಳಿದದ್ದು ತಂತಿ ಒಂದೇ. ತಿಮ್ಮಯ್ಯ ಅಂದದ್ದೇ ನಿಜ ಇರಬಹುದಾ? ಮಂಡ್ಯದ ಅಂಗಡಿಯವನು ಕೊಟ್ಟ ಸುರುಳಿಯೇ ಕಲಬೆರಕೆಯೇ? ಈಚೆಗೆ ವಾಪಸು ಬಂದ ಇನ್ನೂ ಆರು ಮೋಟಾರಿಗೂ ಅದೇ ತಂತಿ.

"ಅದೇ ತಂತಿ ಬಾಕಿ ಮೂವತ್ತು ಮೋಟ್ರಿಗೂ ಹಾಕಿದ್ರಲ್ಲ. ಅವೆಲ್ಲ ಓಡ್ತಾ ಇಲ್ವಾ?" ಅಂದಳು ಅನು. ಮಹದೇವನ ಹೆಂಡತಿ, ಕಾಯಿಲ್ ಸುತ್ತುವುದು, ಚೀಟಿ ಬರೆಯುವುದು ಎರಡೂ ಅವಳದೇ.

"ಅವೂ ಇವತ್ತೋ ನಾಳೆನೋ ಬತ್ತವೆ."

"ಒಳ್ಳೆ ಮಾತಾಡ್ತೀರ."

ಮಾರನೇ ದಿನ ಮಹದೇವ ತಂತಿ ಬದಲಾಯಿಸಲು ಮಂಡ್ಯಕ್ಕೆ ಹೋದ. ಅಂಗಡಿಯವನು ಸುರುಳಿಯನ್ನು ಅವನೆದುರೇ ಪರೀಕ್ಷೆ ಮಾಡಿ ತೋರಿಸಿದ. ಅಪ್ಪಟ ತಾಮ್ರ. ಬೇಕಾದರೆ ಬೇರೆ ಕಂಪನಿಯದು ಕೊಡುತ್ತೇನೆ, ಆದರೆ ದೋಷ ಇದರಲ್ಲಿಲ್ಲ ಅಂದ. ಮಹದೇವ ಬೇರೆಯದನ್ನೇ ತೆಗೆದುಕೊಂಡ, ನಂಬಿಕೆಯಿಂದಲ್ಲ, ಬರಿಗೈಯಲ್ಲಿ ವಾಪಸಾಗಲು ಮನಸ್ಸಾಗದೆ.

ಮೂರು ಗಂಟೆಗೆ ಅಂಗಡಿಗೆ ಬಂದು ನೋಡಿದರೆ ರ್‍ಯಾಕು ಖಾಲಿ. ಮೋಟಾರುಗಳೆಲ್ಲ ನೆಲದ ಮೇಲೆ ಗುಂಪು ಗುಂಪಾಗಿ ಬಿದ್ದಿದ್ದವು. ಅನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ದೊಡ್ಡಬೀರಯ್ಯ ಕುರ್ಚಿಯ ಮೇಲೆ ಸಮಾಧಾನವಾಗಿ ಕೂತಿದ್ದ.

"ಯಾರು ಇಂಗ್ ಮಾಡಿದ್ದು?"

"ನಾನೇ ಮಾಡ್ಸಿದ್ದು ಕಣ್ಲಾ," ಅಂದ ಅಪ್ಪ. "ಬೆಳಿಗ್ಗೆಯಿಂದ ನಾಕು ಜನ ಬಂದು ನಮ್ ಮೋಟ್ರು ಯಾವ್ದು ಅಂದ್ರು. ನಂಗೆ ನಿನ್ ಚೀಟಿ ಓದಕ್ಕಾಯ್ತದಾ? ಅದ್ಕೆ ಅನು ಕೈಲಿ ಚೈನ್ ಪುಲ್ಲೀಲಿ ಇಳ್ಸಿಸ್ದೆ. ಈಗ ಕಣ್ಮುಚ್ಕಂಡು ಯೋಳ್ತೀನಿ."

"ನೀವಾದ್ರೂ ಬೇಡ ಅನ್ನಬಾರದಾ?" ಎಂದು ಮಹದೇವ ಹೆಂಡತಿಯ ಕಡೆ ತಿರುಗಿದ. ಸಿಟ್ಟು ಬಂದರೆ ಅವನು ಅವಳಿಗೆ ಬಹುವಚನ ಹಾಕುತ್ತಿದ್ದ.

"ಮಾವ ಯೋಳುದ್ರು, ಮಾಡ್ದೆ. ಸೊಂಟ ಬಿದ್ದೋಗದೆ, ಈಗ ನಿಮ್ ಮಾತೂ ಕೇಳ್ಬೇಕಾ?"

"ಅಲ್ಲಪ್ಪಾ, ಐದಕ್ಕೆ ಐದು, ಹತ್ತಕ್ಕೆ ಹತ್ತು ಜೋಡಿಸಿದ್ನಲ್ಲ. ಈಗ ಐದರ ಪಕ್ಕ ಹತ್ತು ಬಿದ್ದದೆ. ಯಾವ ಸಂಬಂಧ ಅವಕ್ಕೆ?"

"ಐದಕ್ಕೂ ಐದಕ್ಕೂ ಏನ್ಲಾ ಸಂಬಂಧ? ಈ ಐದು ಮಳವಳ್ಳಿ ತಾವದು, ಆ ಐದು ಮದ್ದೂರ್ ತಾವದು. ಹುಟ್ಟಿದ್ಮ್ಯಾಲೆ ಒಂದರ ಮಕ ಒಂದು ನೋಡಿಲ್ಲ. ತಿಮ್ಮಯ್ಯನ ಮೋಟ್ರಿಗೂ ಅವನ ಪಕ್ಕದ ಬದಿನ ದೇವಿರಮ್ಮನ ಮೋಟ್ರಿಗೂ ಸಂಬಂಧ. ಒಂದೇ ನೀರು, ಒಂದೇ ಕಂಬ."

ಮಹದೇವ ಉತ್ತರ ಕೊಡಲು ಬಾಯಿ ತೆರೆದವನು ಮೂಲೆಯ ಗುಂಪಿನ ಕಡೆ ನೋಡಿದ. ಬೇರೆ ಗುಂಪುಗಳಲ್ಲಿ ಒಂದು, ಎರಡು ಮೋಟಾರು ಇದ್ದವು. ಆ ಮೂಲೆಯಲ್ಲಿ ಏಳಿದ್ದವು. ಐದು, ಏಳೂವರೆ, ಹತ್ತು, ಎಲ್ಲ ಕಲಸಿಕೊಂಡು, ನಾಲ್ಕು ಬೇರೆ ಬೇರೆ ಕಂಪನಿಯವು. ಬಗ್ಗಿ ಚೀಟಿ ಓದಿದ. ಏಳಕ್ಕೂ ಅನುವಿನ ಅಕ್ಷರದಲ್ಲಿ ಒಂದೇ ಬರಹ: ಮೂರೂ ಫೇಸು ಸುಟ್ಟಿದೆ.

"ಇವು ಎಲ್ಲೆಲ್ಲಿವು?"

"ಎಲ್ಲೆಲ್ಲಿವು ಅಲ್ಲ. ಒಂದೇ ಕಡೇವು. ಹುಣಸೆಮರದ ಟಿಸಿವು."

ಊರಿನವರು ಟ್ರಾನ್ಸ್‌ಫಾರ್ಮರಿಗೆ ಟಿಸಿ ಅನ್ನುವುದು. ಒಂದೊಂದು ಟಿಸಿಗೂ ಒಂದೊಂದು ಹೆಸರು. ಎರಡು ವರ್ಷದಿಂದ ಆ ಟಿಸಿಯ ಮೋಟಾರುಗಳು ಬಂದಾಗಲೆಲ್ಲ ಮೂರು ಬೇರೆ ಬೇರೆ ಸಾಲಿನಲ್ಲಿ, ಬೇರೆ ಬೇರೆ ಕಂಪನಿಗಳ ನಡುವೆ ಕೂತು ಹೋಗಿದ್ದವು. ಮಹದೇವನ ಸಿಟ್ಟು ಇಳಿಯಲಿಲ್ಲ, ಆದರೆ ಬೇರೆ ಕಡೆ ತಿರುಗಿತು.

"ಯಾವಾಗಿಂದಪ್ಪ ಇದು?"

"ಹುಣಸೆಮರ ಕಡ್ದಾಗಿಂದ. ನಾನ್ ಅವತ್ತೇ ಅಂದೆ. ನೂರು ವರ್ಸದ ಮರ, ಬುಡದಲ್ಲಿ ಕಾವಲು ದೇವ್ರು ಮುನಿಯ ಇದ್ದ. ಕಡಿದ್ರು. ಆ ಬಯಲಿಗೆ ಒಳ್ಳೇದಾಗಕ್ಕಿಲ್ಲ."

"ಮುನಿಯ ಬಂದು ಕಾಯ್ಲು ಸುಡ್ತಾನಾ?"

"ನಿಂಗೊತ್ತಿಲ್ಲದ್ದು ಇಲ್ಲ ಅಂದ್ಕಬೇಡ."

"ಸರಿ. ಮರ ಯಾಕ್ ಕಡುದ್ರು?"

"ಲೈನ್ ಎಳೀಬೇಕಿತ್ತಲ್ಲ. ನಾಕು ಹೊಸ ಬೋರ್ ಕೊರುದ್ರು. ಆ ಕೊಂಬೆ ಅಡ್ಡ ಬತ್ತಿತ್ತು."

ಮಹದೇವ ಏಳು ಚೀಟಿಗಳಲ್ಲೂ ಸುಟ್ಟ ತಾರೀಕುಗಳನ್ನು ನೋಡಿದ. ಎಲ್ಲವೂ ಎರಡು ವರ್ಷದ ಹಿಂದೆ, ಕಾರ್ತಿಕದಲ್ಲಿ ಮರ ಕಡಿದ ಮೇಲಿನವೇ. ಅಪ್ಪ ಹೇಳಿದ ಕಾರಣ ಬರೀ ಕಟ್ಟುಕತೆ, ಹೇಳಿದ ಕಾಲ ಮಾತ್ರ ಕರಾರುವಾಕ್ಕು.

ಆ ವಾರ ಹೊಲಕ್ಕೆ ತ್ರೀ ಫೇಸ್ ಕರೆಂಟು ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಿತ್ತು. ಮರುದಿನ ಹತ್ತೂವರೆಗೇ ಮಹದೇವ ಮೀಟರು ಹಿಡಿದು ಟಿಸಿ ಹತ್ತಿರ ಹೋದ. ಲೈನ್‌ಮನ್ ರಾಜೇಂದ್ರನೂ ಬಂದಿದ್ದ. ಟಿಸಿ ಇದ್ದದ್ದು ಶಿವರಾಜುವಿನ ಜಮೀನಿನಲ್ಲಿ. ಅಲ್ಲಿಂದ ಕಂಬಗಳು ಸಾಲಾಗಿ ಹೋಗಿ ಕೊನೆಗೆ ತಿಮ್ಮಯ್ಯನ ಬೋರಿನಲ್ಲಿ ಮುಗಿಯುತ್ತಿದ್ದವು. ಮೊದಲು ಹದಿಮೂರು ಮೋಟಾರಿದ್ದವು, ಈಗ ಹದಿನೇಳು. ಹೊಲದಲ್ಲಿ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಹೊಸ ಬೋರು ಬಂದಾಗಿನಿಂದ ಎಲ್ಲರೂ ಸ್ಟಾರ್ಟರಿಗೆ ಆಟೋ ಹಾಕಿಸಿಕೊಂಡಿದ್ದರು. ಕರೆಂಟು ಬಂದ ತಕ್ಷಣ ಮೋಟಾರು ತಾನೇ ಶುರುವಾಗುತ್ತದೆ. ಯಜಮಾನ ಮನೆಯಲ್ಲಿ ರಾಗಿಮುದ್ದೆ ಉಣ್ಣುತ್ತಿರಬಹುದು.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಕರೆಂಟು ಬಂತು. ಮೀಟರು ನಾನೂರ ಹತ್ತು ವೋಲ್ಟು ತೋರಿಸಿತು. ಮುಂದಿನ ಕ್ಷಣ, ಅಂಗಡಿಯಲ್ಲಿದ್ದ ಏಳು ಬಿಟ್ಟು, ಉಳಿದ ಹತ್ತು ಮೋಟಾರೂ ಒಟ್ಟಿಗೆ ಎದ್ದವು. ಟಿಸಿ ಗುಂಯ್ ಅಂದಿತು. ಮೀಟರು ಇನ್ನೂರ ಎಪ್ಪತ್ತಕ್ಕೆ ಬಿತ್ತು. ಹದಿನೇಳೂ ಎದ್ದರೆ, ಅದೂ ಕೊನೆಯ ಕಂಬದಲ್ಲಿ, ಇನ್ನೂ ಕಡಿಮೆ ಇರುತ್ತದೆ. ಯಾವ ಮೋಟಾರಿಗೂ ಪೂರ್ತಿ ಓಡಲು ಬಲವಿಲ್ಲ, ನಿಲ್ಲಲು ಸ್ಟಾರ್ಟರು ಬಿಡುವುದಿಲ್ಲ. ಅರ್ಧ ನಿಮಿಷ, ಮುಕ್ಕಾಲು ನಿಮಿಷ ತಿಣುಕುತ್ತಾ ಕಾದು ಕೆಂಡವಾಗುತ್ತವೆ. ಇಂಥ ಹೊತ್ತಿನಲ್ಲಿ ಮೋಟಾರು ನಿಲ್ಲಿಸಲೆಂದೇ ಸ್ಟಾರ್ಟರಿನೊಳಗೆ ಒಂದು ರಿಲೇ ಇರುತ್ತದೆ. ಮಹದೇವ ಹೋಗಿ ಮೂರು ಪೆಟ್ಟಿಗೆ ತೆರೆದು ನೋಡಿದ. ಮೂರರಲ್ಲೂ ರಿಲೇಗೆ ಬೆಂಕಿಕಡ್ಡಿ ಸಿಕ್ಕಿಸಿದ್ದರು, ಪದೇ ಪದೇ ನಿಲ್ಲಬಾರದು ಅಂತ.

"ದೊಡ್ಡ ಟಿಸಿಗೆ ಅರ್ಜಿ ಹಾಕವ್ರೆ," ಅಂದ ರಾಜೇಂದ್ರ. "ಅರ್ಜಿ ಸರದೀಲಿ ಅದೆ. ಬರೋಗಂಟ ಇಂಗೇಯ."

"ಒಂದೊಂದಾಗಿ ಶುರುವಾದ್ರೆ?"

"ಅಂಗಾದ್ರೆ ಏನೂ ಆಗಕ್ಕಿಲ್ಲ. ಆದ್ರೆ ಇವ್ರು ಒಂದೊಂದಾಗಿ ಬಸ್ ಅತ್ತೋದ್ನ ಎಲ್ಲಾದ್ರೂ ನೋಡಿದೀಯಾ?"

ಮನೆಗೆ ಬಂದು ಹೇಳಿದಾಗ ಅನು ಅನ್ನ ಬಡಿಸುತ್ತಾ ಕೇಳಿದಳು, "ಕಾಯ್ಲು ಸುಡ್ದೇ ಇದ್ರೆ ನಮ್ಗೆ ಕ್ಯಾಮೆ ಎಲ್ಲಿಂದ ಬತ್ತದೆ?"

"ಸುಟ್ಟಿದ್ದು ನನ್ ಕೈಯಿಂದ ಅಂದ್ರೂ ಬರಕ್ಕಿಲ್ಲ," ಅಂದ ಮಹದೇವ. ಅವಳು ಒಪ್ಪಿದಳೋ ಇಲ್ಲವೋ, ಸಾರು ಹಾಕಿದಳು.

ಭಾನುವಾರ ಟಿಸಿಯ ಬುಡದಲ್ಲಿ ಎಲ್ಲರನ್ನೂ ಸೇರಿಸಿದರು. ಹದಿನೈದು ಜನ ಬಂದರು. ಮಹದೇವ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದದ್ದನ್ನು ಓದಿದ. ಪ್ರತಿ ಸ್ಟಾರ್ಟರಿಗೂ ಒಂದು ಟೈಮರು. ಹತ್ತು ಸೆಕೆಂಡಿಗೆ ಒಂದು ಮೋಟಾರು. ಕೊನೆಯ ಕಂಬದ್ದು ಮೊದಲು, ಟಿಸಿ ಪಕ್ಕದ್ದು ಕೊನೆಗೆ. ಮೂರು ನಿಮಿಷದೊಳಗೆ ಎಲ್ಲ ಓಡುತ್ತವೆ. ಬೆಂಕಿಕಡ್ಡಿ ತೆಗೆಯಬೇಕು. ಓದುವಾಗ ಆಂಪಿಯರು, ವೋಲ್ಟು ಅಂತ ಅಂಕಿಗಳನ್ನೂ ಹೇಳಿದ. ಎಲ್ಲರೂ ತಲೆಯಾಡಿಸಿದರು. ಅದು ಒಪ್ಪಿಗೆ ಅಲ್ಲ ಅಂತ ಅವನಿಗೆ ಆಮೇಲೆ ಗೊತ್ತಾಯಿತು.

ಮೊದಲು ಮಾತಾಡಿದವನು ಶಿವರಾಜು. "ಮೂರ್ ನಿಮ್ಸ ನಾನ್ ಕಾಯ್ಬೇಕು. ಯಾಕೆ? ನನ್ ಮೋಟ್ರು ಯಾವತ್ತಾದ್ರೂ ನಿನ್ ಅಂಗ್ಡಿ ಮೆಟ್ಲು ಅತ್ತದಾ?"

"ಇಲ್ಲಣ್ಣ. ನಿಮ್ದು ಟಿಸಿ ಪಕ್ಕನೇ ಅದೆ, ಅದ್ಕೆ ಸುಡಲ್ಲ."

"ಸುಡದೇ ಇರೋನು ಯಾಕ್ಲಾ ಮದ್ದು ಕುಡೀಬೇಕು?"

ಶಿವರಾಜುವಿನ ಮೋಟಾರು ಚೆನ್ನಾಗಿತ್ತು, ಸ್ಟಾರ್ಟರು ಚೆನ್ನಾಗಿತ್ತು, ಅವನದು ಒಂದೇ ಓಡಿದರೆ ಯಾರಿಗೂ ತೊಂದರೆಯಿಲ್ಲ. ಹಾಗೆ ನೋಡಿದರೆ ಹದಿನೇಳು ಜನದ್ದೂ ಅಷ್ಟೇ.

"ಅದೂ ಯಾರ್ ಮೊದ್ಲು? ಕೊನೇ ಕಂಬದೋನು," ಅಂದ ಶಿವರಾಜು. ಹೆಸರು ಹೇಳಲಿಲ್ಲ. ತಿಮ್ಮಯ್ಯ ಅವನ ದೊಡ್ಡಪ್ಪನ ಮಗ. ಊರ ಪಕ್ಕದ ಇನ್ನೊಂದು ಹೊಲದ ಬದುವಿನ ಒಂದು ಗಜಕ್ಕೆ ಜಗಳವಾಡಿ ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. "ಅವನ ಮೋಟ್ರು ಎದ್ದು ಕೂತ್ಕಂಡು ನನ್ನ ನೋಡಿ ನಗ್ಬೇಕಾ?"

"ಮೋಟ್ರು ನಗ್ತದಂತೆ ಕಣ್ರಪ್ಪೋ," ಅಂದಳು ದೇವಿರಮ್ಮ. ಬಂದಿದ್ದವರಲ್ಲಿ ಅವಳೊಬ್ಬಳೇ ಹೆಂಗಸು. ಅವಳ ಮೋಟಾರು ಎರಡು ಸಲ ಸುಟ್ಟಿತ್ತು. "ನಂದು ಬೀರಯ್ಯನ ಅಂಗ್ಡೀಲಿ ಸತ್ತು ಮಲಗದೆ, ನಗಕ್ಕೂ ಜೀವ ಇಲ್ಲ."

ಗುಂಪು ನಕ್ಕಿತು, ಆದರೆ ಶಿವರಾಜು ಹೆಗಲ ಮೇಲಿನ ಟವೆಲು ಕೊಡವಿ ಎದ್ದ. ಅವನು ಹೋದರೆ ಇನ್ನೂ ನಾಲ್ಕು ಜನ ಅವನ ಹಿಂದೆ ಹೋಗುತ್ತಾರೆ.

"ಕೂತ್ಕ ಸಿವರಾಜು," ಅಂದ ದೊಡ್ಡಬೀರಯ್ಯ. ಮಗ ಬೇಡ ಅಂದರೂ ಮೊಪೆಡ್ ಹಿಂದೆ ಕೂತು ಬಂದಿದ್ದ. "ಟಿಸಿ ಯಾರ್ ಜಮೀನಲ್ಲದೆ?"

"ನಂದ್ರಲ್ಲೇ. ನಮ್ಮಪ್ಪ ಜಾಗ ಕೊಟ್ಟಿದ್ದು."

"ನಿನ್ ಮಗ್ಳು ಮದ್ವೇಲಿ ನೀನ್ ಎಷ್ಟನೇ ಪಂಕ್ತೀಲಿ ಉಂಡೆ?"

"ಅದ್ಯಾಕೆ ಈಗ?"

"ಯೋಳು."

"ಕೊನೇದ್ರಲ್ಲಿ. ಮೂರೂವರೆ ಆಗಿತ್ತು. ಪಲ್ಯ ಮುಗ್ದೋಗಿತ್ತು."

"ಯಾಕ್ ಮೊದ್ಲೇ ಕೂತ್ಕಳ್ಲಿಲ್ಲ?"

"ಮನೆಯೋನು ಮೊದ್ಲ ಪಂಕ್ತೀಲಿ ಕೂತ್ಕಂಡ್ರೆ ಜನ ಉಗಿಯಾಕಿಲ್ವಾ?"

"ಈಗ ನಿಮ್ಮಪ್ಪನ ಜಾಗದಲ್ಲಿ ಟಿಸಿ ಅದೆ. ಈ ಹದ್ನಾರು ಜನ ನಿನ್ನ ಚಪ್ಪರಕ್ಕೆ ಬಂದವ್ರೆ. ಮೊದ್ಲು ದೂರದೋರು, ಆಮೇಲೆ ಅತ್ರದೋರು, ಕೊನೆಗೆ ಯಜಮಾನ."

ಶಿವರಾಜು ಸುತ್ತ ನೋಡಿದ. ಟಿಸಿಯಂಥ ಎಣ್ಣೆ ಸೋರುವ ಡಬ್ಬದ ಕೆಳಗೆ ತಾನು ಯಜಮಾನನಾಗುತ್ತೇನೆ ಅಂತ ಅವನು ಎಣಿಸಿರಲಿಲ್ಲ. ಮಹದೇವನಿಗೂ ಈ ವಾದ ಹಿಡಿಸಲಿಲ್ಲ. ಮದುವೆ ಊಟಕ್ಕೂ ವೋಲ್ಟೇಜಿಗೂ ಏನು ಸಂಬಂಧ? ಆದರೆ ತನ್ನ ಹಾಳೆಯಲ್ಲಿದ್ದ ಕ್ರಮವೇ ಇದು, ಕೊನೆಯ ಕಂಬದಿಂದ ಟಿಸಿಗೆ. ಒಂದು ಸಾಲೂ ಬದಲಾಗಿಲ್ಲ. ಅವನು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡ.

"ಆಯ್ತು," ಅಂದ ಶಿವರಾಜು. "ಕೊನೆಗೆ ಹಾಕ್ಕತೀನಿ. ಆದ್ರೆ ಮೊದ್ಲು ಉಣ್ಣೋನು ಬಂದು ಕೇಳ್ಬೇಕು."

ಎಲ್ಲರೂ ತಿಮ್ಮಯ್ಯನ ಕಡೆ ತಿರುಗಿದರು. ತಿಮ್ಮಯ್ಯ ಮೀಸೆ ಉಜ್ಜಿಕೊಂಡ. ಅವನ ಕಬ್ಬು ಆಗಲೇ ತುದಿ ಒಣಗುತ್ತಿತ್ತು. ಬೇಸಗೆ ಮುಂದಿತ್ತು. ಅವನು ಶಿವರಾಜುವಿನ ಕಡೆ ನೋಡದೆ ಟಿಸಿ ಕಂಬದ ಕಡೆ ಮುಖ ಮಾಡಿ, "ಕೊನೆಗೆ ಹಾಕ್ಕಳೋರು ಹಾಕ್ಕಂಡ್ರೆ ಕೊನೇ ಕಂಬದೋರಿಗೆ ಉಪಕಾರ ಆಯ್ತದೆ," ಅಂದ.

"ಬೀರಯ್ಯ, ಯಾರೋ ಏನೋ ಅಂದಂಗಾಯ್ತು," ಅಂದ ಶಿವರಾಜು.

"ನಂಗೂ ಕೇಳುಸ್ತು."

"ಸರಿ ಬುಡು ಅತ್ಲಾಗೆ."

ಮೂಲೆಯ ಏಳೂ ಮೋಟಾರು ಕಟ್ಟಿ, ಟೈಮರು ಹಾಕಿ ಮುಗಿಸಲು ಒಂಬತ್ತು ದಿನ ಹಿಡಿಯಿತು. ತಿಮ್ಮಯ್ಯನ ಕಾಯಿಲನ್ನು ಮಹದೇವ ತಾನೇ ಕಟ್ಟಿದ, ಹೊಸ ತಂತಿಯಲ್ಲಲ್ಲ, ಹಳೆಯ ಸುರುಳಿಯಲ್ಲೇ. ಅನು ಬೇಡ ಅಂದಳು. ಬೇರೆ ತಂತಿ ಹಾಕಿ ಸರಿಹೋದರೆ ಮೊದಲಿನದು ಕೆಟ್ಟದ್ದಿತ್ತು ಅನ್ನುತ್ತಾರೆ ಅಂದ. ಮೋಟಾರನ್ನು ಬೋರಿಗೆ ಇಳಿಸುವಾಗ ತಿಮ್ಮಯ್ಯನ ಆರು ಆಳುಗಳ ಜೊತೆ ತಾನೂ ಚೈನು ಹಿಡಿದ.

ಮೊದಲ ದಿನ ತಿಮ್ಮಯ್ಯನ ಬೋರಿನ ಹತ್ತಿರ ಎಂಟು ಹತ್ತು ಜನ ನಿಂತಿದ್ದರು. ಕರೆಂಟು ಬಂತು. ತಿಮ್ಮಯ್ಯನ ಮೋಟಾರು ಒಂದೇ ಎದ್ದಿತು. ಮೀಟರು ಮುನ್ನೂರ ತೊಂಬತ್ತಕ್ಕೆ ಬಿದ್ದು ಮತ್ತೆ ಮೇಲೆ ಬಂತು. ಹತ್ತು ಸೆಕೆಂಡಿಗೆ ದೇವಿರಮ್ಮನದು. ಆಮೇಲೆ ಮೂರನೆಯದು. ಯಾರೋ ಬೆರಳು ಮಡಿಸಿ ಎಣಿಸತೊಡಗಿದರು. ಒಂಬತ್ತು ಮತ್ತು ಹತ್ತು ಒಟ್ಟಿಗೆ ಎದ್ದವು. ಟೈಮರು ಯಾರೋ ತಿರುಗಿಸಿದ್ದಾರೆ. ಮೀಟರು ಮುನ್ನೂರ ಐವತ್ತಕ್ಕೆ ಇಳಿದು ಅಲ್ಲೇ ನಿಂತಿತು. ಹತ್ತೆಣಿಸುವಷ್ಟರಲ್ಲಿ ಮೇಲೆ ಬಂತು. ಹದಿನೇಳನೆಯದು, ಶಿವರಾಜುವಿನದು, ಸರಿಯಾದ ಹೊತ್ತಿಗೆ ಎದ್ದಿತು. ಅಲ್ಲಿಂದ ಅವನು ಟವೆಲು ಎತ್ತಿ ಬೀಸಿದ್ದು ಕಾಣಿಸಿತು. ತಿಮ್ಮಯ್ಯ ಬೇರೆ ಕಡೆ ನೋಡುತ್ತಿದ್ದ.

ಎರಡು ತಿಂಗಳು ಕಳೆಯಿತು. ಆ ಬಯಲಿನಿಂದ ಒಂದೂ ಮೋಟಾರು ಬರಲಿಲ್ಲ. ಅನು ಹೇಳಿದಂತೆ ಕೆಲಸ ಕಡಿಮೆಯಾಯಿತು. ವಾರದಲ್ಲಿ ಎರಡು ದಿನ ಮಹದೇವ ಫ್ಯಾನು, ಮಿಕ್ಸಿ ಕಟ್ಟಲು ಶುರುಮಾಡಿದ. ದೊಡ್ಡಬೀರಯ್ಯ ಬಂದವರಿಗೆಲ್ಲ ಮುನಿಯ ಶಾಂತನಾದ ಅಂತಲೇ ಹೇಳುತ್ತಿದ್ದ. ಮಹದೇವ ತಿದ್ದಲಿಲ್ಲ. ತಿದ್ದಿದರೆ ಒಂದು ಗಂಟೆ ಹೋಗುತ್ತಿತ್ತು.

ತಿಮ್ಮಯ್ಯ ಮಾತ್ರ ಅಂಗಡಿ ಕಡೆ ತಲೆ ಹಾಕಿರಲಿಲ್ಲ. ಸಂತೆಯಲ್ಲಿ ಅವನು ಕೆಟ್ಟದ್ದು ಆಡಲಿಲ್ಲ, ಒಳ್ಳೆಯದನ್ನೂ ಆಡಲಿಲ್ಲ. ಮೊದಲ ಮೂರು ಸಲದ ಕಳಂಕ ಹಾಗೇ ಇತ್ತು. ಒಂದು ಶುಕ್ರವಾರ ಅವನೇ ಬಂದು ನಿಂತ.

"ಒಂದ್ ಮಾತು ಯೋಳು ಮಾದೇವ. ಮೂರ್ ಸತಿ ಸುಟ್ಟೋಯ್ತಲ್ಲ, ತಪ್ಪು ಯಾರ್ದು?"

"ಯಾರೊಬ್ರುದೂ ಅಲ್ಲ ಅಣ್ಣ. ಹದಿನೇಳು ಜನದ್ದೂ ಸೇರಿ ಆಗಿದ್ದು."

"ಎಲ್ರುದೂ ಅಂದ್ರೆ ಯಾರ್ದೂ ಅಲ್ಲ ಅಂದಂಗೆ. ನಾನ್ ಆರಾಳ ಹಚ್ಚಿ ಮೂರ್ ಸತಿ ಪೈಪ್ ಎತ್ತಿದ್ದು ಯಾರ್ ಎಸ್ರಿಗೆ ಬರ್ಕಳ್ಲಿ? ಸಿವರಾಜುಂದು ಅನ್ನು, ಒಪ್ಕತೀನಿ."

"ಅವರ್ದಲ್ಲ."

"ನಿಂದು ಅನ್ನು."

"ನಂದೂ ಅಲ್ಲ. ಅಂಗಂತ ನಾನ್ ಎರಡ್ ವರ್ಸ ಒಂದೊಂದೇ ಮೋಟ್ರು ಬಿಚ್ಚಿ ನೋಡ್ದೆ, ಅದು ನನ್ ತಪ್ಪು. ಅಷ್ಟು ಬರ್ಕಳಿ."

ತಿಮ್ಮಯ್ಯನಿಗೆ ತೃಪ್ತಿಯಾದ ಹಾಗೆ ಕಾಣಲಿಲ್ಲ. ಆಮೇಲೆ ರಸ್ತೆಯ ಕಡೆ ಕೈ ತೋರಿಸಿದ. ಗೂಡ್ಸ್ ಆಟೋದಲ್ಲಿ ಒಂದು ಏಳೂವರೆ ಎಚ್‌ಪಿ ಮೋಟಾರು ಗೋಣಿಚೀಲ ಹೊದ್ದು ಮಲಗಿತ್ತು.

"ನನ್ ಬಾಮೈದಂದು. ಹೊಳಲಿಂದ ತರ್ಸಿವ್ನಿ. ಮಂಡ್ಯದೋರ ಕೈಲಿ ಎರಡ್ ಸತಿ ಕಟ್ಸವ್ನೆ, ಎರಡ್ ಸತೀನೂ ಸುಟ್ಟೋಯ್ತು. ಬೀರಯ್ಯನ ಮಗನ ತಾವ ಕೊಡು ಅಂತ ನಾನೇ ಯೋಳ್ದೆ."

ಮಂಡ್ಯದ ಪಕ್ಕದ ಹೊಳಲಿನಿಂದ ಮಂಡ್ಯದ ಅಂಗಡಿಗಳನ್ನೆಲ್ಲ ದಾಟಿ ಇಲ್ಲಿಗೆ ಬಂದಿತ್ತು. ಮಹದೇವ ಗೋಣಿಚೀಲ ಸರಿಸಿ ನೋಡಿದ. ಕಂಪನಿ ಯಾವುದು, ಸುತ್ತು ಎಷ್ಟು ಅಂತ ಕೇಳಲಿಲ್ಲ.

"ಬಾಮೈದನ ಟಿಸೀಲಿ ಎಷ್ಟು ಮೋಟ್ರವೆ?"

"ಅದ್ಯಾಕ್ಲಾ ನಿಂಗೆ? ಕಾಯ್ಲು ಕಟ್ಟು ಅಂದ್ರೆ ಊರ್ ಜನಗಣತಿ ಮಾಡ್ತೀಯೆ," ಅಂದ ತಿಮ್ಮಯ್ಯ. ಬೈದುಕೊಂಡೇ ಜೇಬಿನಿಂದ ಫೋನ್ ತೆಗೆದು ಬಾಮೈದನ ನಂಬರು ಒತ್ತಿದ.